ಮೂರ್ತಿಗೆ ಮೂಲ ಹುಟ್ಟಿಸುವ ಕ್ರಮ

ಬೇಕಾಗುವ ಸಾಮಗ್ರಿ: ಹಳೆಯ ಮೂರ್ತಿ ಒಂದು, ಹಳೆಯದಾಗಿ ಕಾಣುವ ಕಾಗದ ಒಂದು, ಹೆಚ್ಚು ಕೇಳದ ಮ್ಯೂಸಿಯಂ ಒಂದು.

ಮೊದಲು ಕಲ್ಲು ಆರಿಸಿ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಇದಕ್ಕೆ ಬಹಳ ಅಲೆಯಬೇಕಿಲ್ಲ. ಅಗಸಿಯ ಪಕ್ಕ ವೀರಗಲ್ಲು, ಬೇವಿನ ಕಟ್ಟೆಯ ಮೇಲೆ ನಾಗರಕಲ್ಲು, ಹೊಲದ ಬದುವಿನಲ್ಲಿ ನಂದಿ. ಆಲಂಪುರದ ಕಡೆ ಮಾತ್ರ ಸುಳಿಯಬೇಡಿ. ಬಾದಾಮಿ ಚಾಲುಕ್ಯರ ನವಬ್ರಹ್ಮ ಗುಡಿಗಳನ್ನು ವಿದ್ವಾಂಸರು ಮೂಲೆಮೂಲೆ ಬಿಡದೆ ಬರೆದಿಟ್ಟಿದ್ದಾರೆ. ಶ್ರೀಶೈಲ ಜಲಾಶಯದ ನೀರು ಬರುತ್ತದೆಂದು ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನೇ ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದರು. ಇಡೀ ಗುಡಿ ಜಾಗ ಬಿಟ್ಟರೂ ಅದರ ಮೂಲ ಕಳೆಯಲಿಲ್ಲ. ಇಂಥ ಶಿಸ್ತು ನಮ್ಮ ಕಸುಬಿಗೆ ಆಗಿಬರದು. ಮುಡುಮಾಲಿನ ನಿಲುವುಗಲ್ಲುಗಳೂ ಬೇಡ: ಎರಡಾಳೆತ್ತರ, ಮೇಲಾಗಿ 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿವೆ.

ಎರಡನೆಯದು ಜಾತಕ. ಮೂರ್ತಿ 1970ಕ್ಕೆ ಮೊದಲೇ ಊರು ಬಿಟ್ಟಿತ್ತೆಂದು ಬರೆಸಿ. ಇಂಥ ಸ್ವತ್ತಿನ ಕಳ್ಳಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದದ ವರ್ಷ ಅದು. ಅದಕ್ಕಿಂತ ಹಿಂದಿನದನ್ನು ಕೆದಕುವ ಕೊಳ್ಳುಗರು ಕಡಿಮೆ. ನಮ್ಮ 1972ರ ಪುರಾವಸ್ತು ಕಾಯ್ದೆಯೂ ನೂರು ವರ್ಷ ದಾಟಿದ ಮೂರ್ತಿಯನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸಲು ಬಿಡದು.

ಮಾದರಿಗೆ ಸುಭಾಷ್ ಕಪೂರ್ ಎಂಬ ನ್ಯೂಯಾರ್ಕ್ ವ್ಯಾಪಾರಿಯನ್ನು ನೋಡಿ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕಳುವಾದ ಚೋಳರ ನಟರಾಜನನ್ನು 2008ರಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿಗೆ 50 ಲಕ್ಷ ಡಾಲರಿಗೆ ಮಾರಿದ. ಮೂರ್ತಿ ಹಿಂದೆ ದಿಲ್ಲಿಯಲ್ಲಿದ್ದ ಸುಡಾನಿನ ರಾಜತಾಂತ್ರಿಕರೊಬ್ಬರದು ಎಂದು ಕಾಗದ ಹೇಳಿತು. ನಂಬಲು ಕಾದು ಕೂತವರಿಗೆ ಅಷ್ಟು ಸಾಕಾಯಿತು. (ಆಸೆಪಟ್ಟು ಕೊಳ್ಳುವವರು ಸುಳ್ಳಿನಲ್ಲಿ ಅರ್ಧ ಪಾಲುದಾರರು ಎಂಬುದು ನನ್ನ ಮತ.)

ಎಚ್ಚರಿಕೆ: ಫೋಟೋಗಳಿಂದ ದೂರವಿರಿ. ಅದೇ ನಟರಾಜ ಗುಡಿಯಲ್ಲೇ ಇದ್ದಾಗ ತೆಗೆದ ಚಿತ್ರ ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಗ್ರಹದಲ್ಲಿತ್ತು. ಸುಡಾನಿನ ಕಥೆ ಅಲ್ಲಿಗೆ ಮುಗಿಯಿತು. 2014ರಲ್ಲಿ ಮೂರ್ತಿ ಮರಳಿತು. 2022ರಲ್ಲಿ ಕುಂಭಕೋಣದ ನ್ಯಾಯಾಲಯ ವಿಗ್ರಹ ಕಳವಿನ ಪ್ರಕರಣವೊಂದರಲ್ಲಿ ಕಪೂರ್‌ಗೆ 10 ವರ್ಷ ಜೈಲು ವಿಧಿಸಿತು.

ಆದ್ದರಿಂದ ಮಕ್ತಲ್ ಕಡೆಯ ಅಣ್ಣಂದಿರಲ್ಲಿ, ಅಕ್ಕಂದಿರಲ್ಲಿ ನಮ್ಮ ಕಸುಬಿನವರ ಕಳಕಳಿಯ ವಿನಂತಿ: ನಿಮ್ಮೂರ ಹನುಮಪ್ಪನ ಗುಡಿಯ ಹಿಂದೆ ಬಿದ್ದಿರುವ ಕಲ್ಲಿನ ಫೋಟೋ ದಯಮಾಡಿ ತೆಗೆಯಬೇಡಿ. ತೆಗೆದರೂ ಊರು, ತಾರೀಖು, ಅಳತೆ ಬರೆದಿಡಬೇಡಿ. ಬರೆದರೂ ಪುರಾತತ್ವ ಇಲಾಖೆಗೆ ಮಾತ್ರ ಕಳಿಸಬೇಡಿ.