ತಾಲ್ಲೂಕು ಎಕ್ಸ್‌ಪ್ರೆಸ್

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದರಲ್ಲಿಯೂ ರೈಲು ನಿಲ್ದಾಣವಿಲ್ಲವಾದರೂ ನಾಲ್ಕರಲ್ಲಿಯೂ ಕನಿಷ್ಠ ಒಂದೊಂದು ಎಕ್ಸ್‌ಪ್ರೆಸ್ ಓಡಾಡುತ್ತಿರುತ್ತದೆ. ಟೆನಿಸ್ ಚೆಂಡಿನ ಕ್ರಿಕೆಟ್ ಟೂರ್ನಿಗಳಲ್ಲಿ ಮೊದಲ ಓವರನ್ನು ಜನ್ಮಸಿದ್ಧ ಹಕ್ಕೆಂಬಂತೆ ಕೇಳಿ ಪಡೆಯುವ, ತನ್ನ ಎಸೆತ ಗಂಟೆಗೆ 140 ಕಿಲೋಮೀಟರಿಗೆ ಕಡಿಮೆಯಿಲ್ಲವೆಂದು ನಂಬಿರುವ, ಆ ನಂಬಿಕೆಯನ್ನು ಟೀ ಅಂಗಡಿಯಿಂದ ಮದುವೆಮನೆಯ ಪಂಕ್ತಿಯವರೆಗೆ ಎಲ್ಲೆಡೆ ಬಡಿಸುವ ವೇಗದ ಬೌಲರನೇ ಆ ಎಕ್ಸ್‌ಪ್ರೆಸ್. ಈ ಬಿರುದಿನ ಮೂಲ ಹುಡುಕಲು ದೂರ ಹೋಗಬೇಕಾಗಿಲ್ಲ. 1984ರಲ್ಲಿ ದಾವಣಗೆರೆಯಲ್ಲಿ ಹುಟ್ಟಿ, ಕರ್ನಾಟಕಕ್ಕೂ ಭಾರತಕ್ಕೂ ಆಡಿದ ಆರ್. ವಿನಯ್ ಕುಮಾರ್ ಅವರನ್ನು ಕ್ರಿಕೆಟ್ ಲೋಕ 'ದಾವಣಗೆರೆ ಎಕ್ಸ್‌ಪ್ರೆಸ್' ಎಂದು ಕರೆದಂದಿನಿಂದ, ಜಿಲ್ಲಾ ಕೇಂದ್ರಕ್ಕೆ ಸಂದ ಗೌರವ ತಾಲ್ಲೂಕಿಗೂ ಸಲ್ಲಬೇಕೆಂಬ ಬೇಡಿಕೆ ಸಹಜವಾಗಿಯೇ ಹುಟ್ಟಿಕೊಂಡಿದೆ.

ಊರಿನಿಂದ ಊರಿಗೆ ಈ ಜಾತಿಯ ಲಕ್ಷಣಗಳಲ್ಲಿ ಸಣ್ಣಪುಟ್ಟ ಭೇದಗಳು ಕಾಣುತ್ತವೆ. ಅಡಿಕೆ ಸೀಮೆಯಾದ ಚನ್ನಗಿರಿಯ ಎಕ್ಸ್‌ಪ್ರೆಸ್ ತನ್ನ ವೇಗವನ್ನು ರಾಶಿ ಅಡಿಕೆಯ ಧಾರಣೆಯಂತೆ ದಿನವೂ ಪ್ರಕಟಿಸುತ್ತಾನೆ, ಆದರೆ ಅಡಿಕೆಯ ಧಾರಣೆ ಒಮ್ಮೊಮ್ಮೆ ಇಳಿಯುವುದುಂಟು, ಇವನದು ಏರುವುದನ್ನಷ್ಟೇ ಬಲ್ಲದು. ಹೊನ್ನಾಳಿಯವನು ತುಂಗಭದ್ರೆಯ ಮೇಲಿಂದ ಬೀಸುವ ಗಾಳಿಯನ್ನು ಲೆಕ್ಕಕ್ಕೆ ಹಿಡಿಯುತ್ತಾನೆ. ಚೆಂಡು ವಿಕೆಟ್ ಕಿತ್ತರೆ ಅದು ತೋಳಿನ ಬಲ, ವೈಡ್ ಹೋದರೆ ಗಾಳಿಯ ತಪ್ಪು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾಗಿ ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯಲ್ಲಿ, ಹೊಸ ತಾಲ್ಲೂಕಿಗೆ ತಹಶೀಲ್ದಾರ್ ಕಚೇರಿಯಷ್ಟೇ ಪ್ರತ್ಯೇಕವಾದ ವೇಗದ ಬೌಲರನೂ ಅಗತ್ಯವೆಂಬ ಭಾವನೆ ಬಲವಾಗಿದ್ದು, ಅಲ್ಲಿನ ಅಂದಾಜು ಹೊನ್ನಾಳಿಯ ಅಂದಾಜಿಗಿಂತ ಸದಾ ಎರಡು ಕಿಲೋಮೀಟರ್ ಮುಂದಿರುತ್ತದೆ. ಮಳೆ ಕಡಿಮೆಯಾದ ಜಗಳೂರಿನ ಒಣನೆಲದಲ್ಲಿ ಟೆನಿಸ್ ಚೆಂಡು ಎದೆಮಟ್ಟಕ್ಕೆ ಪುಟಿಯುವುದರಿಂದ, ನೆಲ ಕೊಟ್ಟ ಎತ್ತರವನ್ನೂ ಆ ಊರಿನ ಎಕ್ಸ್‌ಪ್ರೆಸ್ ತನ್ನ ವೇಗದ ಖಾತೆಗೇ ಜಮಾ ಮಾಡಿಕೊಳ್ಳುತ್ತಾನೆ.

ವೇಗವನ್ನು ಅಳೆಯುವ ಇವನ ವಿಧಾನ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಬರುತ್ತದೆಂಬ ಹೈಸ್ಕೂಲಿನ ಸೂತ್ರವನ್ನು ಅವನು ಮರೆತಿಲ್ಲ. ಆದರೆ ದೂರ ಹೆಚ್ಚಾದಷ್ಟೂ ಕಾಲ ಕಡಿಮೆಯಾದಷ್ಟೂ ಉತ್ತರ ಸೊಗಸಾಗುತ್ತದೆಂಬ ಉಪಸೂತ್ರವನ್ನು ಸ್ವಂತವಾಗಿ ಕಂಡುಕೊಂಡಿದ್ದಾನೆ. ಒಂದು ತುದಿಯ ಸ್ಟಂಪಿನಿಂದ ಇನ್ನೊಂದು ತುದಿಯ ಸ್ಟಂಪಿಗೆ 22 ಗಜ, ಅಂದರೆ 20.12 ಮೀಟರ್ ದೂರವಿರುತ್ತದೆಂಬುದು ನಿಜ. ಆದರೆ ಬೌಲರ್ ಚೆಂಡನ್ನು ಬಿಡುವುದು ಪಾಪಿಂಗ್ ಕ್ರೀಸ್ ಎಂದು ಕರೆಯುವ ಮುಂದಿನ ಗೆರೆಯ ಹತ್ತಿರ, ಬ್ಯಾಟುಗಾರ ನಿಲ್ಲುವುದೂ ತನ್ನ ತುದಿಯ ಅಂಥದೇ ಗೆರೆಯ ಬಳಿ. ಆದ್ದರಿಂದ ಚೆಂಡು ನಿಜವಾಗಿ ಕ್ರಮಿಸುವ ದೂರ ಸುಮಾರು 17.68 ಮೀಟರ್ ಮಾತ್ರ. ಮೊಬೈಲ್ ವಿಡಿಯೋದ ಒಂದು ಸೆಕೆಂಡಿನಲ್ಲಿ ಸಾಮಾನ್ಯವಾಗಿ 30 ಬಿಡಿಚಿತ್ರಗಳಿದ್ದು, ಅವುಗಳಲ್ಲಿ ಒಂದೊಂದನ್ನೂ ಫ್ರೇಮ್ ಎನ್ನುತ್ತಾರೆ. ಕೈಯಿಂದ ಬಿಟ್ಟ ಚೆಂಡು ಬ್ಯಾಟಿಗೆ ತಲುಪಲು 18 ಫ್ರೇಮ್ ಹಿಡಿದರೆ ಪ್ರಾಮಾಣಿಕ ಲೆಕ್ಕದಲ್ಲಿ ವೇಗ ಗಂಟೆಗೆ 106 ಕಿಲೋಮೀಟರ್. ಅದೇ ಫ್ರೇಮುಗಳಿಗೆ 22 ಗಜವನ್ನು ಹಚ್ಚಿದರೆ 121 ಆಗುತ್ತದೆ. ಚೆಂಡು ಮಸುಕಾಗಿ ಕಾಣುವ ಮೊದಲ ಮೂರು ಫ್ರೇಮುಗಳನ್ನು ಅಸ್ಪಷ್ಟವೆಂಬ ಕಾರಣಕ್ಕೆ ಕೈಬಿಟ್ಟರೆ 145 ಆಗುತ್ತದೆ. ಹೀಗೆ ತೋಳನ್ನು ತಿರುಗಿಸದೆ, ಬೆರಳಿನಿಂದ ಪರದೆಯನ್ನು ಸರಿಸಿದಷ್ಟರಿಂದಲೇ ಎಕ್ಸ್‌ಪ್ರೆಸ್ ಒಂದು ಸಂಜೆಯಲ್ಲಿ 39 ಕಿಲೋಮೀಟರ್ ಪ್ರಗತಿ ಸಾಧಿಸುತ್ತಾನೆ.

ವಿಡಿಯೋ ಇಲ್ಲದ ದಿನ ಸ್ಟಾಪ್‌ವಾಚ್ ಹಿಡಿದ ಗೆಳೆಯನೊಬ್ಬನಿರುತ್ತಾನೆ. ಈತ ಚೆಂಡು ಕೈಬಿಟ್ಟದ್ದನ್ನು ಕಂಡ ಮೇಲೆ ಗುಂಡಿ ಒತ್ತುವುದರಿಂದ ಆರಂಭ ತಡವಾಗುತ್ತದೆ, ಬ್ಯಾಟು ತಾಕುವುದನ್ನು ಮೊದಲೇ ಊಹಿಸಿ ಒತ್ತುವುದರಿಂದ ಮುಕ್ತಾಯ ಬೇಗನಾಗುತ್ತದೆ, 0.6 ಸೆಕೆಂಡು 0.4 ಆದಲ್ಲಿ, 22 ಗಜದ ಕೃಪೆಯೂ ಕೂಡಿ ವೇಗ 181ಕ್ಕೆ ಮುಟ್ಟುತ್ತದೆ. 2003ರ ವಿಶ್ವಕಪ್ಪಿನಲ್ಲಿ ಕೇಪ್‌ಟೌನಿನಲ್ಲಿ ಶೋಯೆಬ್ ಅಖ್ತರ್ ಎಸೆದ 161.3 ಕಿಲೋಮೀಟರಿನ ಚೆಂಡು ವಿಶ್ವದಾಖಲೆಯಾಗಿರುವುದನ್ನು ಯಾರಾದರೂ ನೆನಪಿಸಿದರೆ, ಅಖ್ತರನಿಗೆ ಅಷ್ಟು ಗೌರವ ಬಿಟ್ಟುಕೊಡುವ ದೊಡ್ಡತನದಿಂದ, ತನ್ನದು 150ರ ಸುಮಾರಿಗೆ ಇರಬಹುದೆಂದು ಎಕ್ಸ್‌ಪ್ರೆಸ್ ಇಳಿಸಿ ಹೇಳುತ್ತಾನೆ.

ಇಷ್ಟೆಲ್ಲ ಅನ್ಯಾಯವಾಗಿ ಕೂಡಿಸಿಕೊಳ್ಳುವವನು ನ್ಯಾಯವಾಗಿ ಸಲ್ಲಬೇಕಾದುದನ್ನು ಮಾತ್ರ ಕಾಣದೆ ಬಿಡುತ್ತಾನೆ. ಟಿ.ವಿ.ಯಲ್ಲಿ ತೋರಿಸುವ ವೇಗ, ಚೆಂಡಿಗೆ ತಾಗಿ ಮರಳುವ ಅಲೆಗಳ ಬದಲಾವಣೆಯಿಂದ ವೇಗವನ್ನು ಅರಿಯುವ ರೇಡಾರ್ ಗನ್ ಎಂಬ ಸಾಧನವು ಚೆಂಡು ಕೈಬಿಟ್ಟ ಕೂಡಲೇ ಹಿಡಿದ ವೇಗ. ವಿಡಿಯೋ ಲೆಕ್ಕವಾದರೋ ಗಾಳಿಯ ತಡೆಯನ್ನೂ ನೆಲದ ಉಜ್ಜುವಿಕೆಯನ್ನೂ ಒಳಗೊಂಡ ಸರಾಸರಿ ವೇಗ. ಕ್ರಿಕೆಟ್ ಚೆಂಡು 155.9ರಿಂದ 163 ಗ್ರಾಂ ತೂಗಿದರೆ ಟೆನಿಸ್ ಆಟದ ಚೆಂಡು 56ರಿಂದ 59.4 ಗ್ರಾಂ ಮಾತ್ರ. ಗಾತ್ರ ಹೆಚ್ಚುಕಡಿಮೆ ಸಮನಾಗಿದ್ದು ತೂಕ ಮೂರನೆಯ ಒಂದು ಪಾಲಿನಷ್ಟೇ ಇರುವುದರಿಂದ, ಹೊದಿಕೆಯ ನವಿರು ಎಳೆಗಳೂ ಗಾಳಿಯನ್ನು ತಡೆಯುವುದರಿಂದ, ಅದು ದಾರಿಯಲ್ಲಿ ಬಹು ಬೇಗ ವೇಗ ಕಳೆದುಕೊಳ್ಳುತ್ತದೆ. ಆದ್ದರಿಂದ ಕೈಬಿಡುವಾಗಿನ ವೇಗ 106ಕ್ಕಿಂತ ಹೆಚ್ಚಾಗಿಯೇ ಇದ್ದಿರುತ್ತದೆ. ಈ ಹೆಚ್ಚಳವನ್ನು ಭೌತಶಾಸ್ತ್ರವೇ ಕರೆದು ಕೊಡುತ್ತಿದ್ದರೂ, 145ರಲ್ಲಿ ಸುಖವಾಗಿರುವವನಿಗೆ ಅದರ ಹಂಗಿಲ್ಲ.

ಟೆನಿಸ್ ಚೆಂಡು ಅಷ್ಟು ವೇಗವಾಗಿ ಹೋಗಲಾರದೆಂದು ಸಂದೇಹಿಸುವವರಿಗೆ ಅವನಲ್ಲಿ ಸಿದ್ಧ ಉತ್ತರವಿದೆ. 2012ರಲ್ಲಿ ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಆಸ್ಟ್ರೇಲಿಯಾದ ಸ್ಯಾಮ್ ಗ್ರಾಥ್ ಮಾಡಿದ ಸರ್ವ್ 263 ಕಿಲೋಮೀಟರ್ ಮುಟ್ಟಿತ್ತೆಂದೂ, ಬಲವಾದ ಸರ್ವಿಗೆ ಹೆಸರಾದ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರೆಂದೂ ಅವನು ಆಧಾರ ಕೊಡುತ್ತಾನೆ. ಎರಡೂ ನಿಜ, ಅವರಿಬ್ಬರ ಕೈಯಲ್ಲಿ ರ‍್ಯಾಕೆಟ್ ಇತ್ತೆಂಬುದನ್ನು ಮಾತ್ರ ಅವನು ಚರ್ಚೆಗೆ ಅನಗತ್ಯವೆಂದು ಭಾವಿಸುತ್ತಾನೆ.

ವೇಗವನ್ನು ಹೆಚ್ಚಿಸುವ ಸಾಧನೆಯೂ ಇದೇ ಜಾಡಿನಲ್ಲಿ ಸಾಗುತ್ತದೆ. ಓಟ ಉದ್ದವಾದಷ್ಟೂ ವೇಗ ಹೆಚ್ಚೆಂಬ ನಂಬಿಕೆಯಿಂದ ಅವನು ಬೌಂಡರಿಯ ಆಚೆ, ಬೈಕುಗಳ ಸಾಲಿನ ನಡುವಿನಿಂದ ಓಡಿಬರುತ್ತಾನೆ; ಆದರೆ ಕ್ರೀಸಿನ ಬಳಿ ಹೆಜ್ಜೆ ಹೊಂದದೆ ಕ್ಷಣ ತಡೆದು ನಿಲ್ಲುವುದರಿಂದ, ಅಷ್ಟು ದೂರದ ಓಟ ಪ್ರೇಕ್ಷಕರ ಕಣ್ಣಿಗೆ ಧೂಳೆಬ್ಬಿಸುವುದಕ್ಕಷ್ಟೇ ಸಾರ್ಥಕವಾಗುತ್ತದೆ. ಬಲ್ಲವರ ಪ್ರಕಾರ ವೇಗ ಹುಟ್ಟುವುದು ಓಟದ ಉದ್ದದಿಂದಲ್ಲ, ಓಟದ ಬಲವನ್ನು ಚೆಂಡಿಗೆ ದಾಟಿಸುವ ಕ್ರಮದಿಂದ: ಮುಂಗಾಲು ಮಂಡಿ ಬಾಗದೆ ನೆಲಕ್ಕೆ ಊರಿ ನಿಂತಾಗ ಆ ಬಲ ಸೊಂಟಕ್ಕೂ, ಸೊಂಟದಿಂದ ಭುಜಕ್ಕೂ, ಭುಜದಿಂದ ಮಣಿಕಟ್ಟಿಗೂ ಸರದಿಯಂತೆ ಏರುತ್ತದೆ. ಸರ್ವ್ ಮಾಡುವ ಟೆನಿಸ್ ಆಟಗಾರನ ಬಲವೂ ನೆಲದಿಂದಲೇ ಮೇಲೇರುವುದು. ಇದನ್ನು ಕಲಿಯಲು ತಿಂಗಳುಗಟ್ಟಲೆ ಬೇಕಾಗುವುದರಿಂದ ಎಕ್ಸ್‌ಪ್ರೆಸ್ ಹತ್ತಿರದ ದಾರಿಯನ್ನು ಹಿಡಿದು ಮೊಣಕೈಯನ್ನು ಬಾಗಿಸಿ ನೆಟ್ಟಗೆ ಮಾಡುತ್ತಾನೆ. ಅಂತಾರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗುವಂತಿಲ್ಲ; ತಾಲ್ಲೂಕು ಟೂರ್ನಿಯಲ್ಲಿ ಕೋನಮಾಪಕವಿರುವುದಿಲ್ಲ, ಇರುವವರು ಅಂಪೈರ್, ಅವರೂ ಹಲವು ಸಲ ಸಂಘಟಕರ ಕಡೆಯವರು. ಎದುರಾಳಿಗಳು 'ತ್ರೋ' ಎಂದು ಕೂಗಿದರೆ ಅದನ್ನು ಅಸೂಯೆಯೆಂದು ದಾಖಲಿಸಿಕೊಳ್ಳಲಾಗುತ್ತದೆ. ಓವರಿಗೆ ನಾಲ್ಕು ವೈಡ್ ಎಣಿಸಿದ ನಾಯಕ ಬಂದು, "ಲೇ ತಮ್ಮಾ, ಸ್ಪೀಡು ಆಮೇಲಿರ್ಲಿ, ಮೊದ್ಲು ಸ್ಟಂಪಿಗೆ ಹಾಕು" ಎಂದರೂ, ಆ ಸಲಹೆಯಲ್ಲಿ ವೇಗದ ಪರೋಕ್ಷ ಪ್ರಶಂಸೆಯೇ ಅವನಿಗೆ ಕೇಳಿಸುತ್ತದೆ.

ಇಡೀ ಪರಂಪರೆಗೆ ಹೆಸರು ಕೊಟ್ಟ ವಿನಯ್ ಕುಮಾರ್ ಅವರದು ಮಧ್ಯಮ ವೇಗವೆಂಬ ಸಂಗತಿ ಈ ಶಿಷ್ಯವರ್ಗದಲ್ಲಿ ಯಾಕೋ ಪ್ರಚಾರಕ್ಕೆ ಬಂದಿಲ್ಲ. ಸ್ವಿಂಗ್, ಅಂದರೆ ಗಾಳಿಯಲ್ಲಿ ಚೆಂಡನ್ನು ಹೊರಳಿಸುವ ಕಲೆ, ಮತ್ತು ಬಿದ್ದಲ್ಲೇ ಮತ್ತೆ ಮತ್ತೆ ಬೀಳಿಸುವ ನಿಖರತೆ, ಇವೆರಡನ್ನೇ ನಂಬಿ ಅವರು ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 504 ವಿಕೆಟ್ ಗಳಿಸಿದರು. 2013–14 ಮತ್ತು 2014–15ರಲ್ಲಿ ಸತತ ಎರಡು ಸಲ ಕರ್ನಾಟಕಕ್ಕೆ ನಾಯಕರಾಗಿ ರಣಜಿ ಟ್ರೋಫಿ ಗೆದ್ದುಕೊಟ್ಟರು. ಆದ್ದರಿಂದ ಚನ್ನಗಿರಿಯಿಂದ ಜಗಳೂರಿನವರೆಗಿನ ಎಲ್ಲ ಎಕ್ಸ್‌ಪ್ರೆಸ್‌ಗಳು ಅಳೆಯಲೇಬೇಕೆಂದಿದ್ದರೆ ಟೇಪು ಹಿಡಿದು 17.68 ಮೀಟರನ್ನೇ ಅಳೆಯಲಿ, ಫ್ರೇಮುಗಳನ್ನು ಒಂದೂ ಬಿಡದೆ ಎಣಿಸಲಿ, ಬಂದ ಉತ್ತರವನ್ನು ಗುಟ್ಟಾಗಿಟ್ಟುಕೊಳ್ಳಲಿ. ಸ್ಕೋರ್ ಪುಸ್ತಕದಲ್ಲಿ ಓವರ್, ಮೇಡನ್, ರನ್, ವಿಕೆಟ್‌ಗಳಿಗೆ ಕಾಲಮ್‌ಗಳಿವೆ, ವೈಡಿಗೂ ಇದೆ, ವೇಗಕ್ಕೆ ಇಲ್ಲ.