ಹಿಮ್ಮುಖ ಚಾಲಕರ ಪರವಾಗಿ ಒಂದು ವಕಾಲತ್ತು

ಅಮೆರಿಕದ ಮಿನ್ನೆಸೋಟ ರಾಜ್ಯದವರು ತಮ್ಮ ಕಾರುಗಳ ನಂಬರ್ ಪ್ಲೇಟಿನ ಮೇಲೆ ‘ಹತ್ತು ಸಾವಿರ ಸರೋವರಗಳು’ ಎಂದು ಹಾಕಿಕೊಂಡು ಓಡಾಡುತ್ತಾರೆ. ಬಡಾಯಿ ಎಂದುಕೊಳ್ಳಬೇಡಿ, ಅದು ವಿನಯ. ಹತ್ತು ಎಕರೆಗೆ ಕಡಿಮೆಯಿಲ್ಲದವನ್ನು ಮಾತ್ರ ಎಣಿಸಿದರೂ ಅಲ್ಲಿ 11,842 ಸರೋವರಗಳಿವೆ. ಇಷ್ಟೊಂದು ನೀರನ್ನು ಎದುರಿಗಿಟ್ಟುಕೊಂಡು ಯಾರಾದರೂ ಕೈಕಟ್ಟಿ ಕೂರಲಾದೀತೇ? ಮನೆಯ ಪಕ್ಕದಲ್ಲಿ ಟಾರ್ಪಾಲು ಹೊದ್ದ ಬೋಟೊಂದು ಟ್ರೈಲರಿನ ಮೇಲೆ ಕೂತು ಹಿಮ ಕರಗುವುದನ್ನೇ ಕಾಯುತ್ತಿರುತ್ತದೆ. ಮೇ ತಿಂಗಳ ಒಂದು ಶನಿವಾರ ವಾಲ್‌ಐ ಎಂಬ ಮೀನಿನ ಬೇಟೆಗೆ ಬಾಗಿಲು ತೆರೆಯುತ್ತದೆ. ಗವರ್ನರೇ ಗಾಳ ಹಿಡಿದು ಹೊರಡುವ ಪದ್ಧತಿ 1948ರಿಂದ ಇರುವುದರಿಂದ ಅದನ್ನು ಸರ್ಕಾರಿ ಹಬ್ಬವೆಂದೇ ಅನ್ನಬಹುದು. ಆದರೆ ಹಬ್ಬದ ನಿಜವಾದ ಬಯಲಾಟ ನಡೆಯುವುದು ನೀರಿನ ಮೇಲಲ್ಲ, ನೀರಿಗಿಳಿಯುವ ರ‍್ಯಾಂಪಿನ ಮೇಲೆ. ರ‍್ಯಾಂಪ್ ಅಂದರೆ ದಡದಿಂದ ಸರೋವರದೊಳಕ್ಕೆ ಇಳಿದು ಮಾಯವಾಗುವ ಒಂದು ಕಾಂಕ್ರೀಟ್ ಇಳಿಜಾರು. ನೂರು ಅಡಿಗೆ 12ರಿಂದ 15 ಅಡಿ ಇಳಿತ, ಪಕ್ಕದಲ್ಲೊಂದು ಮರದ ಧಕ್ಕೆ. ಬೋಟಿನ ಒಡೆಯ ಟ್ರೈಲರನ್ನು ಹಿಂದುಹಿಂದಕ್ಕೆ ನಡೆಸಿ ನೀರಿಗಿಳಿಸಬೇಕು, ಬೋಟು ತೇಲಿದ ಕೂಡಲೇ ಖಾಲಿ ಟ್ರೈಲರನ್ನು ಮೇಲಕ್ಕೆಳೆದು ಜಾಗ ಬಿಡಬೇಕು, ಸಂಜೆ ಇದನ್ನೇ ತಲೆಕೆಳಗಾಗಿ ಮಾಡಬೇಕು. ಬರೆಯುವುದಕ್ಕೆ ಒಂದೇ ವಾಕ್ಯ ಸಾಕಾಯಿತು. ಮಾಡುವುದನ್ನು ನೋಡಲೆಂದೇ ಮಡಿಸುವ ಕುರ್ಚಿ, ಕಾಫಿ ತಂದು ದಡದಲ್ಲಿ ಕೂರುವ ಜನರಿದ್ದಾರೆ. ಟ್ರೈಲರು ಅಡ್ಡಡ್ಡ ತಿರುಗಿ, ಪಿಕಪ್ಪು ಅರ್ಧ ಮುಳುಗಿ ಪೇಚಾಡುವವರನ್ನು ವಿಡಿಯೋ ಮಾಡಿ ಹಾಕುವುದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ. ನಗುವುದರ ಬಗ್ಗೆ ನನ್ನ ತಕರಾರಿಲ್ಲ. ಅವರು ನಗುತ್ತಿರುವುದು ತಪ್ಪು ಮನುಷ್ಯನನ್ನು ನೋಡಿ ಎಂಬುದಷ್ಟೇ ನನ್ನ ವಾದ.

ದಡದವರ ನಗೆಗೆ ಮುಖ್ಯ ಗುರಿ ರಿವರ್ಸ್ ಬಾರದವನು. ಅವನು ಎಡಕ್ಕೆ ತಿರುಗಿಸಿದರೆ ಟ್ರೈಲರು ಬಲಕ್ಕೆ ಹೋಗುತ್ತದೆ. ಸರಿಪಡಿಸಲು ಬಲಕ್ಕೆ ತಿರುಗಿಸುವಷ್ಟರಲ್ಲಿ ಅದು ಪಿಕಪ್ಪಿಗೆ ಲಂಬವಾಗಿ ನಿಂತು, ಹುಲ್ಲುಹಾಸಿನ ಮೇಲೊಂದು ಚಕ್ರವಿಟ್ಟು, ಇನ್ನು ಬರಲಾರೆ ಎಂದು ಹಟ ಹಿಡಿಯುತ್ತದೆ. ಇದನ್ನು ಪೆದ್ದುತನವೆಂದು ತಿಳಿಯುವವರು ಸ್ವಲ್ಪ ಭೌತಶಾಸ್ತ್ರದ ಕಡೆಗೂ ನೋಡಬೇಕು. ಮುಂದಕ್ಕೆ ಎಳೆಯುವಾಗ ಟ್ರೈಲರು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ: ಕೊಂಚ ಓರೆಯಾದರೂ ಎಳೆತಕ್ಕೆ ನೇರವಾಗಿಬಿಡುತ್ತದೆ. ಹಿಂದಕ್ಕೆ ತಳ್ಳುವಾಗ ಎಲ್ಲವೂ ತಿರುಗುಮುರುಗು. ಒಂದು ಡಿಗ್ರಿಯ ಓರೆ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ತಿದ್ದದೆ ಬಿಟ್ಟರೆ ಮಡಿಸಿದ ಚಾಕುವಿನ ಆಕಾರಕ್ಕೆ ಬಂದೇ ನಿಲ್ಲುತ್ತದೆ. ಟ್ರೈಲರು ಗಿಡ್ಡವಿದ್ದಷ್ಟೂ ಇದು ಬೇಗ ಆಗುತ್ತದೆ. ಹೀಗಾಗಿ ಹದಿನಾಲ್ಕು ಅಡಿಯ ಪುಟ್ಟ ಬೋಟು ತಂದ ಬಡಪಾಯಿ, ಇಪ್ಪತ್ತೈದು ಅಡಿಯದನ್ನು ತಂದ ಸಾಹುಕಾರನಿಗಿಂತ ಹೆಚ್ಚು ಒದ್ದಾಡುತ್ತಾನೆ. ದಡದವರು ಮಾತ್ರ ಇಷ್ಟು ಸಣ್ಣದನ್ನೂ ಸಂಭಾಳಿಸಲು ಬಾರದಲ್ಲ ಎಂದು ಎರಡು ಪಾಲು ನಗುತ್ತಾರೆ. ಸ್ಟೇರಿಂಗಿನ ಕೆಳತುದಿಯನ್ನು ಹಿಡಿದುಕೊಂಡು, ಟ್ರೈಲರು ಯಾವ ಕಡೆ ಹೋಗಬೇಕೋ ಕೈಯನ್ನು ಅದೇ ಕಡೆಗೆ ಸರಿಸಬೇಕೆಂಬ ಉಪಾಯವೊಂದಿದೆ. ಒಳ್ಳೆಯ ಉಪಾಯವೇ. ಆದರೆ ಹಿಂದೆ ಹತ್ತು ವಾಹನಗಳ ಸಾಲು ನಿಂತಿರುವಾಗ ಮನುಷ್ಯನಿಗೆ ತನ್ನ ಕೈ ಯಾವುದು, ಎಡ ಯಾವುದು ಎಂಬುದೇ ಸಂಶಯಕ್ಕೆ ಬಿದ್ದಿರುತ್ತದೆ.

ಇದು ಎಷ್ಟು ಕಠಿಣ ವಿದ್ಯೆಯೆಂದರೆ ಎಂಜಿನಿಯರುಗಳು ಇದನ್ನು ಯಂತ್ರದ ಬುದ್ಧಿಗೆ ಪರೀಕ್ಷೆಯಾಗಿ ಒಡ್ಡಿದ್ದರು. 1989ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೆರಿಕ್ ನ್ಯುಯೆನ್ ಮತ್ತು ಬರ್ನಾರ್ಡ್ ವಿಡ್ರೋ ಎಂಬಿಬ್ಬರು, ಟ್ರೈಲರ್ ಲಾರಿಯನ್ನು ಹಿಂದಕ್ಕೆ ನಡೆಸಿ ಕಟ್ಟೆಗೆ ಹಚ್ಚುವುದನ್ನು ಕಂಪ್ಯೂಟರಿನ ನರಜಾಲವೊಂದಕ್ಕೆ ಕಲಿಸಿದರು. ಅದು ಕಲಿಯಿತು, ನಿಜ. ಆದರೆ ಸಾವಿರಾರು ಸಲ ಎಡವಿದ ಮೇಲೆ ಕಲಿಯಿತು. ಅದೂ ಪರದೆಯ ಮೇಲಿನ ಲಾರಿ, ಗುದ್ದಿದರೆ ಬಣ್ಣ ಹೋಗುವಂತಿರಲಿಲ್ಲ, ಪಕ್ಕದ ಸೀಟಿನಲ್ಲಿ ಹೆಂಡತಿಯೂ ಇರಲಿಲ್ಲ. ಫೋರ್ಡ್ ಕಂಪನಿ 2016ರ ಮಾದರಿಯ ಎಫ್-150 ಪಿಕಪ್ಪಿನಲ್ಲಿ ಇದಕ್ಕೆಂದೇ ಒಂದು ಗುಂಡಿ ಇಟ್ಟಿತು: ಟ್ರೈಲರು ಯಾವ ಕಡೆ ಹೋಗಬೇಕೋ ಆ ಕಡೆಗೆ ಗುಂಡಿ ತಿರುಗಿಸಿದರೆ ಸ್ಟೇರಿಂಗನ್ನು ಗಾಡಿಯೇ ನೋಡಿಕೊಳ್ಳುತ್ತದೆ. ಅಷ್ಟು ದೊಡ್ಡ ಕಂಪನಿ ಅಷ್ಟೆಲ್ಲ ಖರ್ಚು ಮಾಡಿ ಬಿಡಿಸಿದ ಲೆಕ್ಕವನ್ನು ಒಬ್ಬ ಸಾಮಾನ್ಯ ಗುಮಾಸ್ತ ಶನಿವಾರ ಬೆಳಗ್ಗೆ ಬಾಯಿಲೆಕ್ಕದಲ್ಲಿ ಬಿಡಿಸಲಿ ಎಂದರೆ ಹೇಗೆ? ಸರ್ಕಾರವೂ ಅವನ ಕೈ ಹಿಡಿದಿಲ್ಲ. ನೀರಿನ ಮೇಲೆ ಮೋಟಾರ್ ಬೋಟು ನಡೆಸಲು ಮಿನ್ನೆಸೋಟದಲ್ಲಿ 2025ರ ಜುಲೈಯಿಂದ ಎಳೆಯರಿಗೆ ಪರವಾನಗಿ ಕಡ್ಡಾಯವಾಗಿದೆ, ಹಂತಹಂತವಾಗಿ ಇನ್ನಷ್ಟು ವಯಸ್ಸಿನವರಿಗೂ ಅನ್ವಯವಾಗಲಿದೆ. ಆ ಬೋಟನ್ನು ನೀರಿನ ತನಕ ಹಿಂದಕ್ಕೆ ನಡೆಸಲು ಮಾಮೂಲು ಕಾರಿನ ಲೈಸೆನ್ಸೇ ಸಾಕು. ಮೈಲಿಗಟ್ಟಲೆ ಹರಡಿದ ನೀರಿಗೆ ಪರೀಕ್ಷೆ, ಹನ್ನೆರಡು ಅಡಿ ಅಗಲದ ಕಾಂಕ್ರೀಟಿಗೆ ದೇವರೇ ಗತಿ.

ಹಾಗಾದರೆ ನಗಬೇಕಾದದ್ದು ಯಾರನ್ನು ನೋಡಿ? ಬಾಣದಂತೆ ನೇರವಾಗಿ, ಒಂದೇ ಏಟಿಗೆ ರಿವರ್ಸ್ ಬಂದು ನಿಲ್ಲುವವನನ್ನು ಸ್ವಲ್ಪ ಗಮನಿಸಿ. ದಡದವರು ಅವನಿಗೆ ತಲೆದೂಗುತ್ತಾರೆ. ಅವನು ಗಂಭೀರವಾಗಿ ಪಿಕಪ್ಪಿನಿಂದಿಳಿದು ಹಿಂದಕ್ಕೆ ಬರುತ್ತಾನೆ, ಬಂದು ಟಾರ್ಪಾಲಿನ ಗಂಟು ಬಿಚ್ಚಲು ಶುರು ಮಾಡುತ್ತಾನೆ. ಟಾರ್ಪಾಲನ್ನು ನಾಲ್ಕಾಗಿ, ಆಮೇಲೆ ಎಂಟಾಗಿ ಮಡಿಸುತ್ತಾನೆ. ಬೋಟಿನ ಹಿಂಭಾಗವನ್ನು ಟ್ರೈಲರಿಗೆ ಬಿಗಿದ ಪಟ್ಟಿಗಳನ್ನು ಸಡಿಲಿಸುತ್ತಾನೆ. ಎರಡನೆಯದು ತುಕ್ಕು ಹಿಡಿದಿದೆ, ಸುತ್ತಿಗೆ ಬೇಕು. ಪಿಕಪ್ಪಿನಿಂದ ಐಸ್ ತುಂಬಿದ ಕೂಲರ್ ಬರುತ್ತದೆ, ಗಾಳದ ಕೋಲುಗಳು ಬರುತ್ತವೆ, ಸ್ಯಾಂಡ್‌ವಿಚ್ ಡಬ್ಬಿ, ಬಿಸಿಲಿನ ಕ್ರೀಮು, ನಾಯಿ, ನಾಯಿಯ ಲೈಫ್ ಜಾಕೆಟ್ಟು ಬರುತ್ತವೆ. ಮಕ್ಕಳ ಲೈಫ್ ಜಾಕೆಟ್ಟು ಎಲ್ಲಿ ಎಂಬ ವಿಚಾರಣೆ ನಡೆಯುತ್ತದೆ. ಮುಂಭಾಗಕ್ಕೆ ಕಟ್ಟಬೇಕಾದ ಹಗ್ಗ ಕೂಲರಿನ ಅಡಿಯಲ್ಲಿದೆ ಎಂದು ಪತ್ತೆಯಾಗಿ ಕೂಲರು ಮತ್ತೆ ಇಳಿಯುತ್ತದೆ. ಬಸ್‌ಸ್ಟಾಂಡಿನ ಟಿಕೆಟ್ ಕೌಂಟರಿನಲ್ಲಿ ಅರ್ಧ ಗಂಟೆ ಸರದಿ ನಿಂತು, ಕಿಟಕಿಯ ಮುಂದೆ ಬಂದ ಮೇಲಷ್ಟೇ ಒಳಜೇಬಿನ ಚಿಲ್ಲರೆ ನೆನಪಾಗುವ ಮಹಾಶಯ ಇವನೇ, ಬೋಟು ಕೊಂಡಿದ್ದಾನೆ ಅಷ್ಟೇ. ಈ ಕೆಲಸಗಳಿಗೆಂದೇ ರ‍್ಯಾಂಪಿನ ಮೇಲುಗಡೆ ಜಾಗವಿರುತ್ತದೆ. ಸಾಮಾನು ತುಂಬುವುದು, ಹಿಂದಿನ ಪಟ್ಟಿ ಬಿಚ್ಚುವುದು, ಹಗ್ಗ ಕಟ್ಟುವುದು, ಟ್ರೈಲರ್ ದೀಪದ ವೈರು ಕಳಚುವುದು, ಎಲ್ಲವೂ ಅಲ್ಲೇ ಆಗಬೇಕು. ಕೆಳಗೆ ನೀರಿನಂಚಿನ ತನಕ ಇರಬೇಕಾದ್ದು ಮುಂದಿನ ವಿಂಚಿನ (ಬೋಟನ್ನು ಟ್ರೈಲರಿನ ಮೇಲಕ್ಕೆ ಎಳೆಯುವ ರಾಟೆಯ) ಪಟ್ಟಿ ಮತ್ತು ಸರಪಳಿ ಮಾತ್ರ; ಅವನ್ನು ಮೇಲೆಯೇ ಬಿಚ್ಚಿದ ಅವಸರಗಾರರ ಬೋಟು ನೀರಿಗಿಂತ ಮೊದಲು ಕಾಂಕ್ರೀಟಿನ ಮೇಲೆ ತೇಲಲು ನೋಡಿದ್ದುಂಟು. ಇನ್ನೊಂದು ಲಾಭವೂ ಇದೆ. ಹೆದ್ದಾರಿಯಲ್ಲಿ ಓಡಿ ಬಂದ ಟ್ರೈಲರಿನ ಚಕ್ರದ ಬೇರಿಂಗು ಕಾದಿರುತ್ತದೆ. ಬಿಸಿಬಿಸಿಯಾಗಿ ತಣ್ಣೀರಿಗೆ ಅದ್ದಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆಳೆದುಕೊಳ್ಳುತ್ತದೆ, ಗ್ರೀಸು ಹಾಳಾಗುತ್ತದೆ. ಮೇಲುಗಡೆ ನಿಂತು ಕಳೆದ ಹತ್ತು ನಿಮಿಷ ಬೇರಿಂಗಿಗೂ ಒಳ್ಳೆಯದು, ಹಿಂದಿನವನ ರಕ್ತದೊತ್ತಡಕ್ಕೂ ಒಳ್ಳೆಯದು.

ಹತ್ತು ನಿಮಿಷದಿಂದ ಏನು ಮಹಾ ಆಗುತ್ತದೆ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಒಂದೇ ಸಾಲಿನ ರ‍್ಯಾಂಪಿಗೆ ಗಂಟೆಗೆ ಹತ್ತು ಬೋಟು ಬರುತ್ತವೆ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರೂ ನಾಲ್ಕು ನಿಮಿಷ ತೆಗೆದುಕೊಂಡರೆ ಗಂಟೆಗೆ ಹದಿನೈದನ್ನು ಇಳಿಸಬಹುದು, ಸಾಲೇ ಬೆಳೆಯುವುದಿಲ್ಲ. ಅದೇ ಹನ್ನೆರಡು ನಿಮಿಷವಾದರೆ ಗಂಟೆಗೆ ಐದೇ ಬೋಟು. ಮೊದಲ ಗಂಟೆಗೆ ಐದು ಜನ ಉಳಿಯುತ್ತಾರೆ, ಎರಡನೆಯದಕ್ಕೆ ಹತ್ತು, ನಾಲ್ಕನೆಯದಕ್ಕೆ ಇಪ್ಪತ್ತು. ಮೀನುಗಳು ಅಷ್ಟರಲ್ಲಿ ತಿಂಡಿ ಮುಗಿಸಿ ಮಲಗಿರುತ್ತವೆ. ಕೂಲರಿನವನಿಗೆ ಇದಾವುದೂ ಗೊತ್ತಾಗುವುದಿಲ್ಲ, ಏಕೆಂದರೆ ಸಾಲು ಬೆಳೆಯುವುದು ಅವನ ಹಿಂದೆ, ಅವನ ಕಣ್ಣಿರುವುದು ನೀರಿನ ಕಡೆಗೆ.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ರಿವರ್ಸ್ ಬಾರದವನೂ ಅದೇ ಹತ್ತು ನಿಮಿಷ ನುಂಗುತ್ತಾನಲ್ಲ, ಅವನಿಗೇಕೆ ರಿಯಾಯಿತಿ ಎಂದು ಕೇಳಬಹುದು. ನುಂಗುತ್ತಾನೆ, ಒಪ್ಪಿದೆ. ಆದರೆ ಅವನ ಹತ್ತು ನಿಮಿಷ ಬರುವ ವರ್ಷಕ್ಕೆ ಐದಾಗುತ್ತದೆ, ಅದರ ಮರುವರ್ಷ ಎರಡಾಗುತ್ತದೆ. ಕೂಲರಿನವನದು ಮುಪ್ಪಿನವರೆಗೂ ಹತ್ತೇ. ಮೇಲಾಗಿ ರಿವರ್ಸಿನವನಿಗೆ ನೆರವಾಗಬಹುದು. ಯಾರಾದರೂ ಕನ್ನಡಿಯಲ್ಲಿ ಕಾಣುವಂತೆ ನಿಂತು ಕೈ ತೋರಿಸಿದರೆ, ಇಲ್ಲವೇ ‘ನಾನೇ ತಗೊಂಡು ಇಳಿಸಿಕೊಡ್ಲಾ?’ ಎಂದು ಕೀಲಿ ಕೇಳಿದರೆ ಕೆಲಸ ಮುಗಿಯಿತು. ಇನ್ನೊಬ್ಬರ ಸ್ಯಾಂಡ್‌ವಿಚ್ ಡಬ್ಬಿ ಎಲ್ಲಿದೆಯೆಂದು ಹುಡುಕಿಕೊಡಲು ಯಾವ ಪರೋಪಕಾರಿಗೂ ಸಾಧ್ಯವಿಲ್ಲ. ಆದರೂ ಒಂದು ಮಾತು: ಖಾಲಿ ಬಯಲಿನಲ್ಲಿ ಒಮ್ಮೆಯೂ ಅಭ್ಯಾಸ ಮಾಡದೆ, ಋತುವಿನ ಮೊದಲ ಶನಿವಾರವೇ ಜನ್ಮದ ಮೊದಲ ರಿವರ್ಸಿಗೆ ಕೈ ಹಾಕುವವನ ಪರ ವಾದಿಸಲು ನಾನು ಬರುವುದಿಲ್ಲ. ಅವನೂ ಸಿದ್ಧತೆಯಿಲ್ಲದವರ ಪಂಗಡಕ್ಕೇ ಸೇರಿದವನು. ಇನ್ನು ಸಾರ್ವಜನಿಕ ರ‍್ಯಾಂಪಿದು, ತೆರಿಗೆ ಕಟ್ಟಿದ್ದೇನೆ, ನಿಧಾನವಾಗಿಯೇ ಇಳಿಸುತ್ತೇನೆ ಎನ್ನುವವನಿಗೆ ಉತ್ತರ ಸುಲಭ: ಹಿಂದಿನ ಇಪ್ಪತ್ತು ಜನರೂ ತೆರಿಗೆ ಕಟ್ಟಿದವರೇ. ಜತೆಗೆ ಯಾರೂ ಇಲ್ಲದೆ ಒಬ್ಬನೇ ಬಂದವನ ಗತಿಯೇನು ಎಂಬ ಮೂರನೆಯ ಪ್ರಶ್ನೆ ನ್ಯಾಯವಾದದ್ದು. ಆದರೆ ರ‍್ಯಾಂಪಿನಲ್ಲಿ ಒಂಟಿಗ ಅನೇಕ ವೇಳೆ ಎಲ್ಲರಿಗಿಂತ ಚುರುಕು. ಉದ್ದದ ಹಗ್ಗವನ್ನು ಮೊದಲೇ ಕಟ್ಟಿಕೊಂಡಿರುತ್ತಾನೆ, ಬೋಟು ತೇಲಿದ್ದೇ ಧಕ್ಕೆಗೆ ಸುತ್ತಿ ಟ್ರೈಲರ್ ಎಳೆದುಕೊಂಡು ಹೋಗಿಬಿಡುತ್ತಾನೆ. ಕೂಗಿ ಹೇಳುವುದಕ್ಕೆ ಯಾರೂ ಇಲ್ಲದಿದ್ದರೆ ಮನುಷ್ಯ ಮೊದಲೇ ಯೋಚಿಸಿರುತ್ತಾನೆ. ದಂಪತಿಗಳಲ್ಲಿ ಒಬ್ಬರು ಸ್ಟೇರಿಂಗ್ ಹಿಡಿದು, ಒಬ್ಬರು ದಡದ ಮೇಲೆ ನಿಂತು ‘ಆ ಕಡೆಗೆ’ ಎನ್ನುವಾಗ ಯಾರ ಆ ಕಡೆ ಎಂಬುದು ಇತ್ಯರ್ಥವಾಗುವಷ್ಟರಲ್ಲಿ ಅವನು ಸರೋವರದ ನಡುವಿರುತ್ತಾನೆ.

ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಸಿಗುವುದು ಸಂಜೆ. ಬೆಳಗ್ಗೆ ಒಬ್ಬೊಬ್ಬರಾಗಿ ಬಂದವರು ಮೋಡ ಗುಡುಗಿದೊಡನೆ ಒಟ್ಟಿಗೇ ದಡಕ್ಕೆ ನುಗ್ಗುತ್ತಾರೆ. ಆಗ ಪಳಗಿದವರು ಒಂದು ಕೈಚಳಕ ತೋರಿಸುತ್ತಾರೆ: ವಿಂಚಿನಲ್ಲಿ ಎಳೆಯುವ ತಾಪತ್ರಯವೇ ಬೇಡವೆಂದು ಎಂಜಿನ್ನನ್ನು ಜೋರು ಮಾಡಿ ಬೋಟನ್ನು ಸೀದಾ ಟ್ರೈಲರಿನ ಮೇಲಕ್ಕೆ ಹತ್ತಿಸುತ್ತಾರೆ. ನೋಡಲು ಬಲು ಚೆಂದ. ಆದರೆ ಪಂಖದ ಆ ರಭಸಕ್ಕೆ ಕಾಂಕ್ರೀಟು ಮುಗಿಯುವಲ್ಲಿನ ತಳದ ಮಣ್ಣು ಕೊಚ್ಚಿಹೋಗಿ ಗುಂಡಿ ಬೀಳುತ್ತದೆ, ಕೊಚ್ಚಿಹೋದ ಮಣ್ಣು ತುಸು ದೂರದಲ್ಲಿ ದಿಬ್ಬವಾಗಿ ಕೂರುತ್ತದೆ. ನೀರು ಕಡಿಮೆಯಾದ ಕಾಲದಲ್ಲಿ ಯಾರದೋ ಟ್ರೈಲರಿನ ಚಕ್ರ ಆ ಗುಂಡಿಗಿಳಿದು ಸಿಕ್ಕಿಕೊಳ್ಳುತ್ತದೆ, ಇನ್ಯಾರದೋ ಪಂಖ ಆ ದಿಬ್ಬಕ್ಕೆ ಬಡಿಯುತ್ತದೆ. ದಡದವರು ಸಿಕ್ಕಿಕೊಂಡವನ ವಿಡಿಯೋ ತೆಗೆಯುತ್ತಾರೆ. ಗುಂಡಿ ತೋಡಿದ ಕಲಾವಿದ ಆಗಲೇ ಮನೆ ಸೇರಿ ಸ್ನಾನ ಮುಗಿಸಿರುತ್ತಾನೆ.

ಇನ್ನು ಬಿರಡೆಯ ವಿಷಯ. ಪ್ರತಿ ಬೋಟಿನ ಹಿಂಬದಿಯ ತಳದಲ್ಲಿ ಒಳನೀರು ಬಸಿದುಹೋಗಲು ಒಂದು ತೂತು, ಅದಕ್ಕೊಂದು ಬಿರಡೆ ಇರುತ್ತದೆ. ಮಿನ್ನೆಸೋಟದ ಕಾನೂನಿನಂತೆ ಬೋಟನ್ನು ರಸ್ತೆಯಲ್ಲಿ ಒಯ್ಯುವಾಗ ಈ ಬಿರಡೆ ತೆಗೆದಿರಲೇಬೇಕು. ಕಾರಣ ಜೀಬ್ರಾ ಮಸ್ಸೆಲ್ ಎಂಬ ಉಗುರಿನಷ್ಟು ದೊಡ್ಡ ಪಟ್ಟೆಪಟ್ಟೆ ಚಿಪ್ಪುಜೀವಿ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರದ ಕಡೆಯ ಈ ಪ್ರಾಣಿ ಹಡಗುಗಳ ತಳದ ನೀರಿನಲ್ಲಿ ಬಿಟ್ಟಿ ಪ್ರಯಾಣ ಮಾಡಿ 1988ರಲ್ಲಿ ಅಮೆರಿಕದ ಮಹಾಸರೋವರಗಳ ಸೀಮೆಯಲ್ಲಿ ಕಾಣಿಸಿಕೊಂಡಿತು. ಮಿಲ್ಲೆ ಲ್ಯಾಕ್ಸ್ ಸರೋವರದಲ್ಲಿ 2005ರಲ್ಲಿ, ಮಿನ್ನೆಟೋಂಕದಲ್ಲಿ 2010ರಲ್ಲಿ ಪತ್ತೆಯಾಯಿತು. ಕೊಳವೆಗಳನ್ನು ಕಟ್ಟಿಹಾಕುತ್ತದೆ, ಈಜುವವರ ಪಾದ ಸೀಳುತ್ತದೆ. ಅದರ ಮರಿಗಳು ಕಣ್ಣಿಗೆ ಕಾಣುವುದೇ ಇಲ್ಲ. ಬೋಟಿನಲ್ಲುಳಿದ ಒಂದು ಬೊಗಸೆ ನೀರು ಸಾಕು, ಇನ್ನೊಂದು ಸರೋವರಕ್ಕೆ ವಲಸೆ ಹೋಗಲು. ಹಾಗಾಗಿ ಸಂಜೆ ಬಿರಡೆ ಬಿಚ್ಚಬೇಕು, ಟ್ರೈಲರಿಗೆ ಸುತ್ತಿದ ಜೊಂಡನ್ನು ಕಿತ್ತೆಸೆಯಬೇಕು. ಈ ಕಾನೂನನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಬಿರಡೆ ತೆಗೆಯುವುದನ್ನು ತಪ್ಪಿಸಿದರೆ ದಂಡ ಹಾಕುವವರಿದ್ದಾರೆ, ಬೆಳಗ್ಗೆ ಮತ್ತೆ ಹಾಕಿದೆಯೇ ಎಂದು ವಿಚಾರಿಸುವವರು ಯಾರೂ ಇಲ್ಲ. ಕೆಲವರು ಅದನ್ನು ಬೋಟಿನ ಕೀಲಿಗೊಂಚಲಿಗೇ ಕಟ್ಟಿಕೊಂಡಿರುತ್ತಾರೆ. ಉಳಿದವರಲ್ಲಿ ಒಬ್ಬ, ಒಂದೇ ಏಟಿಗೆ ನೇರ ರಿವರ್ಸ್ ಬಂದು, ದಡದವರ ಮೆಚ್ಚುಗೆ ಗಳಿಸಿ, ಬೋಟು ತೇಲಿಸಿ, ಪಿಕಪ್ಪನ್ನು ನಿಲ್ಲಿಸಿ ಬರುವಷ್ಟರಲ್ಲಿ ಬೋಟಿನ ಹಿಂಬದಿ ಮೆಲ್ಲಗೆ ಕುಳಿತಿರುತ್ತದೆ, ಒಳಗೆ ಕೂಲರು ತೇಲುತ್ತಿರುತ್ತದೆ. ಈಗ ಟ್ರೈಲರನ್ನು ಮತ್ತೆ ಇಳಿಸಬೇಕು, ನೀರು ತುಂಬಿದ ಬೋಟನ್ನು ಹೇಗಾದರೂ ಏರಿಸಬೇಕು, ಮೇಲಕ್ಕೆಳೆದು ಬಸಿಯುವ ತನಕ ಕಾಯಬೇಕು. ಒಳಗಿರುವುದು ನೂರಾರು ಲೀಟರು, ತೂತಿನ ಅಗಲ ಒಂದಂಗುಲ. ಸಾಲಿನಲ್ಲಿರುವವರೆಲ್ಲ ಆಗ ಒಬ್ಬೊಬ್ಬರಾಗಿ ಗಾಡಿಯಿಂದಿಳಿದು, ಬೇರೇನೋ ನೋಡುವವರಂತೆ ತಮ್ಮ ತಮ್ಮ ಬೋಟಿನ ಹಿಂದಕ್ಕೆ ಹೋಗಿ ಬಗ್ಗುತ್ತಾರೆ. ಬೆಳಗಿನಿಂದ ಆ ಸಾಲಿನಲ್ಲಿ ಆದ ಮೊದಲ ಉಪಯುಕ್ತ ಕೆಲಸ ಅದು.