ಮೂವತ್ತೈದು ಸಾಲಿನ ಉಳುಮೆ

ಹೊಸ ಅಗ್ರಹಾರದ ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಧೂಳು ತಿನ್ನುತ್ತಿದ್ದ ಡೆಸ್ಕ್‌ಟಾಪನ್ನು ಸಾಲಿಗ್ರಾಮದಲ್ಲಿರುವ ತನ್ನ ತಮ್ಮನ ಮಗಳಿಗೆ ಕೊಡುವುದೆಂದು ಹೆಂಡತಿ ತೀರ್ಮಾನಿಸಿದಳು. ನಾನೂ ಧಾರಾಳವಾಗಿ ತಲೆಯಾಡಿಸಿದೆ. ನಡುರಾತ್ರಿ ಥಟ್ಟನೆ ಎಚ್ಚರವಾಯಿತು. ಅದರೊಳಗೆ ಆ ಲೇಖನವಿದೆ!

ಚುಂಚನಕಟ್ಟೆಯ ಕೋದಂಡರಾಮನ ಗರ್ಭಗುಡಿಯಲ್ಲಿ ನಿಂತರೆ ಪಕ್ಕದಲ್ಲೇ ಧುಮುಕುವ ಕಾವೇರಿಯ ಭೋರ್ಗರೆತ ಕೇಳಿಸುವುದಿಲ್ಲ ಎಂಬುದು ನಮ್ಮ ಕಡೆಯವರ ನಂಬಿಕೆ. ನನ್ನ ಹೆಂಡತಿಯ ಗೊರಕೆಯಾದರೋ ದೇವರಮನೆಗೂ ನುಗ್ಗುತ್ತದೆ, ಆದ್ದರಿಂದಲೇ ಶ್ರೀರಾಮ ನಮ್ಮಲ್ಲಿ ನೆಲೆಸಲು ಒಪ್ಪಿಲ್ಲ ಎಂದು ಎರಡು ಪುಟ ಹಾಸ್ಯ ಬರೆದಿದ್ದೆ. ಸ್ವವಿಳಾಸದ ಲಕೋಟೆ ಇಟ್ಟು ಪತ್ರಿಕೆಗೆ ಕಳಿಸಿದ್ದರೂ ಉತ್ತರ ಬರಲಿಲ್ಲ. ಕಂಪ್ಯೂಟರಿನಲ್ಲಿ ಅದಕ್ಕೆ ‘ಗೊಬ್ಬರದ ಲೆಕ್ಕ’ ಎಂದು ಹೆಸರಿಟ್ಟಿದ್ದೆ. ಸಂಪಾದಕರೂ ಪ್ರಾಯಶಃ ಹಾಗೆಯೇ ಭಾವಿಸಿರಬೇಕು.

ಬೆಳಗ್ಗೆ ಎದ್ದವನೇ ಡಿಲೀಟ್ ಒತ್ತಿ, ರಿಸೈಕಲ್ ಬಿನ್ ಖಾಲಿ ಮಾಡಿ, ಕೈ ತೊಳೆದುಕೊಂಡೆ. ಹುಣಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಣ್ಣನ ಮಗ ಬಂದಿದ್ದ, ನಕ್ಕ. ಯಾವುದೋ ಪುಕ್ಕಟೆ ಸಾಫ್ಟ್‌ವೇರ್ ಓಡಿಸಿ, ಕಾಫಿ ಆರುವಷ್ಟರಲ್ಲಿ ಗೊರಕೆಯನ್ನು ವಾಪಸು ತಂದ. ಜೊತೆಗೆ, ನನ್ನ ಷಷ್ಟಿಪೂರ್ತಿಗೆ ನಾನೇ ಬರೆದುಕೊಂಡು ಅಳಿಸಿದ್ದ ಅಭಿನಂದನಾ ಪತ್ರವೂ ಎದ್ದು ಬಂತು.

“ಪಹಣಿಯಲ್ಲಿ ಹೆಸರು ಹೊಡೆಸಿದ್ರೆ ಗದ್ದೇಲಿರೋ ಭತ್ತ ಮಾಯ ಆಗುತ್ತಾ ಚಿಕ್ಕಪ್ಪ? ಡಿಲೀಟ್ ಅಂದ್ರೆ ಅಷ್ಟೇ. ಪೈರು ಅಲ್ಲೇ ನಿಂತಿರುತ್ತೆ. ಅದರ ಮೇಲೆ ಉತ್ತು ಬೇರೆ ನಾಟಿ ಹಾಕಿದ್ರೇ ಹೋಗೋದು.”

ಅಮೆರಿಕದ ಎಂಐಟಿಯಲ್ಲಿ ಸಿಮ್ಸನ್ ಗಾರ್ಫಿಂಕಲ್, ಅಭಿ ಶೆಲಾಟ್ ಎಂಬಿಬ್ಬರು 158 ಹಳೇ ಡಿಸ್ಕ್ ಕೊಂಡು ಕೆದಕಿ 2003ರಲ್ಲಿ ಬರೆದರಂತೆ: ಓಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಮಿಕ್ಕವುಗಳಲ್ಲಿ ಎಷ್ಟು ಹೆಂಡತಿಯರ ಗೊರಕೆಯಿತ್ತೋ.

“ಎಷ್ಟು ಸಾಲು ಉಳಬೇಕು?” ಎಂದೆ. 1996ರಲ್ಲಿ ಪೀಟರ್ ಗುಟ್‌ಮನ್ ಎಂಬ ವಿದ್ವಾಂಸ 35 ಸಲ ಮೇಲೆ ಮೇಲೆ ಬರೆಯುವ ಕ್ರಮ ಹೇಳಿದ್ದನಂತೆ. ಅದು ಆ ಕಾಲದ ಬಗೆಬಗೆಯ ಡಿಸ್ಕ್‌ಗಳನ್ನೆಲ್ಲ ಲೆಕ್ಕಕ್ಕೆ ಹಿಡಿದು ಹೇಳಿದ್ದು, ಈಗಿನವಕ್ಕೆ ಒಂದೇ ಸಾಲು ಸಾಕೆಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ 2014ರ ಕೈಪಿಡಿಯೇ ಹೇಳುತ್ತದೆ ಎಂದ. ನಿಸ್ಟ್‌ನವರು ನನ್ನ ಹೆಂಡತಿಯನ್ನು ನೋಡಿಲ್ಲ. ಮೂವತ್ತೈದೂ ಹೊಡಿ ಎಂದೆ.

“ನಿಮ್ಮದು ತಿರುಗೋ ಹಾರ್ಡ್ ಡಿಸ್ಕ್, ಬಚಾವ್. ಎಸ್‌ಎಸ್‌ಡಿ ಆಗಿದ್ರೆ ನಾವು ಹೇಳಿದ ಗದ್ದೆ ಬಿಟ್ಟು ಪಕ್ಕದ ಗದ್ದೆ ಉಳ್ತಿತ್ತು, ಎಲ್ಲ ಕಡೆ ಸಮನಾಗಿ ಸವೀಲಿ ಅಂತ. ಅದಕ್ಕೆ ಸೆಕ್ಯೂರ್ ಇರೇಸ್ ಅಂತ ಬೇರೆ ಆಜ್ಞೆ ಇದೆ,” ಎಂದು ಪೆನ್‌ಡ್ರೈವ್ ಸಿಕ್ಕಿಸಿ, ಇಡೀ ಡಿಸ್ಕಿಗೇ ನೇಗಿಲು ಹೂಡಿ ಹುಡುಗ ಬಸ್ಸು ಹತ್ತಿದ.

500 ಜಿಬಿಗೆ ಒಂದು ಸಾಲೆಂದರೆ ಎರಡು ಗಂಟೆ. ಮೂವತ್ತೈದಕ್ಕೆ ನೀವೇ ಗುಣಿಸಿ. ಹತ್ತೊಂಬತ್ತನೇ ಸಾಲಿನಲ್ಲಿ ಕರೆಂಟು ಹೋಯಿತು. ಮತ್ತೆ ಮೊದಲಿಂದ ಶುರು.

“ಏನ್ರೀ ಇದು, ಹೊಗೆಸೊಪ್ಪಿನ ಬ್ಯಾರನ್ ಕಾಯೋ ಹಾಗೆ ಹಗಲೂ ರಾತ್ರಿ ಕಾಯ್ತಿದ್ದೀರಿ?”

“ವೈರಸ್ ಕಣೇ.”

ಐದನೇ ದಿನ ಪರದೆ ಕಪ್ಪಗೆ ಶುದ್ಧವಾಯಿತು. ನನ್ನ ಮಿಕ್ಕ ಇಪ್ಪತ್ತೆರಡು ಹಾಸ್ಯ ಲೇಖನಗಳನ್ನು ಬೇರೆಡೆ ಇಟ್ಟುಕೊಂಡಿರಲಿಲ್ಲ ಎಂಬುದು ಆಗ ನೆನಪಾಯಿತು. ತಲೆಮೇಲೆ ಕೈಹೊತ್ತು ಕೂತೆ.

“ಹೋಗ್ಲಿ ಬಿಡಿ, ಓದಿದವರೇನೂ ಅಳಲ್ಲ,” ಎಂದಳು. ಒಳಗೆ ಹೋಗುತ್ತಾ ತಿರುಗಿ, “ನನ್ನ ಗೊರಕೆಯದು ಮಾತ್ರ ಭದ್ರವಾಗಿದೆ. ಲಕೋಟೆ ವಾಪಸು ಬಂದಾಗ ನೀವು ಗದ್ದೇಲಿದ್ರಿ. ಪೋಸ್ಟ್‌ಮ್ಯಾನ್ ನನ್ನ ಕೈಗೇ ಕೊಟ್ಟ. ಗೊರಕೆಗೆ ಮಹಾಪ್ರಾಣ ಬರೋದಿಲ್ಲ, ತಿದ್ದಿಟ್ಟಿದ್ದೀನಿ.”

ಆ ಎರಡು ಹಾಳೆ ಈಗಲೂ ಅವಳ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಕೆಳಗಿವೆ. ಬೀಗದ ಕೈ ಅವಳ ಸೊಂಟದಲ್ಲಿದೆ.